ಟೆಲಿಗ್ರಾಂ ಬಾಟ್ ನಮ್ಮ ಗಣಕದಲ್ಲಿ ಉತ್ತರಿಸದಿದ್ದಾಗ: ದೋಷ ಪತ್ತೆ ಮತ್ತು ನಿವಾರಣೆ

ಸ್ವಂತ ಗಣಕದಲ್ಲಿ ಟೆಲಿಗ್ರಾಂ ಬಾಟ್ (ಸಂದೇಶಗಳಿಗೆ ತಾನಾಗಿ ಉತ್ತರಿಸುವ ಪ್ರೋಗ್ರಾಂ) ಒಂದನ್ನು ಕಟ್ಟಲು ಹೊರಟವರಿಗೆ ಎದುರಾಗುವ ತೊಂದರೆಗಳಲ್ಲಿ ತೀರ ಸಾಮಾನ್ಯವಾದದ್ದು, ಪ್ರೋಗ್ರಾಂ ಓಡುತ್ತಿದ್ದರೂ ಬಾಟ್ ಮೌನವಾಗಿರುವುದು. ಟರ್ಮಿನಲ್‌ನಲ್ಲಿ ದೋಷಸಂದೇಶ ಕಾಣಿಸಿಕೊಂಡರೆ ಅದನ್ನು ಹಿಡಿದು ಮುಂದುವರಿಯಬಹುದು. ಏನೂ ಕಾಣಿಸದಿದ್ದಾಗ ಮಾತ್ರ ಕೈಗೆ ಸಿಕ್ಕಿದ್ದನ್ನೆಲ್ಲ ಬದಲಾಯಿಸುವ ಆತುರ ಹುಟ್ಟುತ್ತದೆ: ಪೈಥಾನ್ ತೆಗೆದು ಮತ್ತೆ ಹಾಕುವುದು, ಹೊಸ ಟೋಕನ್ (ಬಾಟ್ ಅನ್ನು ಗುರುತಿಸುವ ಗುಟ್ಟಿನ ಕೀಲಿ) ಪಡೆಯುವುದು, ಎಲ್ಲ ಪ್ಯಾಕೇಜುಗಳನ್ನೂ ಅಳಿಸುವುದು. ಒಂದೇ ಸಲಕ್ಕೆ ಮೂರು ಸಂಗತಿಗಳನ್ನು ಬದಲಾಯಿಸಿದರೆ, ಬಾಟ್ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ. ಅದೇ ದೋಷ ಮರುಕಳಿಸಿದಾಗ ಮತ್ತೆ ಮೊದಲಿನಿಂದಲೇ ಹುಡುಕಬೇಕಾಗುತ್ತದೆ.

ಈ ಬರಹ ಪೈಥಾನ್‌ನಲ್ಲಿ, ಪೈಥಾನ್-ಟೆಲಿಗ್ರಾಂ-ಬಾಟ್ ಎಂಬ ಪ್ಯಾಕೇಜಿನ 20 ಅಥವಾ ಅದರ ನಂತರದ ಆವೃತ್ತಿಯನ್ನು ಬಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಾವು ಕೆಲವರು ಸೇರಿ ಒಂದು ಸಣ್ಣ ವಾಚನಾಲಯಕ್ಕಾಗಿ ಪುಸ್ತಕ ಹುಡುಕಿಕೊಡುವ ಕನ್ನಡ ಬಾಟ್ ಕಟ್ಟಿದೆವು. ಇಲ್ಲಿನ ಬಹುತೇಕ ದೋಷಗಳನ್ನು ಆ ಕೆಲಸದಲ್ಲಿಯೇ ಕಂಡೆವು.

ಸಂದೇಶ ಸಾಗುವ ದಾರಿ

ಬಳಕೆದಾರರು ಕಳಿಸಿದ ಸಂದೇಶ ಮೊದಲು ಟೆಲಿಗ್ರಾಂನ ಸರ್ವರ್ ತಲುಪಿ, ನಮ್ಮ ಬಾಟ್‌ಗೆ ಮೀಸಲಾದ ಸರತಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಅದು ನಮ್ಮ ಪ್ರೋಗ್ರಾಂಗೆ ಬರಲು ಎರಡೇ ದಾರಿಗಳಿವೆ. ಒಂದು, ನಮ್ಮ ಪ್ರೋಗ್ರಾಂ ತಾನೇ ಪದೇ ಪದೇ ಹೋಗಿ ಕೇಳುವ ಪೋಲಿಂಗ್. ಇನ್ನೊಂದು, ನಾವು ಕೊಟ್ಟ ವಿಳಾಸಕ್ಕೆ ಟೆಲಿಗ್ರಾಂ ತಾನೇ ತಂದು ಮುಟ್ಟಿಸುವ ವೆಬ್‌ಹುಕ್. ಬಂದ ಸಂದೇಶವನ್ನು ತಕ್ಕ ಹ್ಯಾಂಡ್ಲರ್ (ಒಂದು ಬಗೆಯ ಸಂದೇಶವನ್ನು ನಿಭಾಯಿಸುವ ಕೋಡ್ ಭಾಗ) ಎತ್ತಿಕೊಳ್ಳಬೇಕು, ಅದು ಉತ್ತರವನ್ನು ಸಿದ್ಧಪಡಿಸಬೇಕು, ಆ ಉತ್ತರವನ್ನು ಟೆಲಿಗ್ರಾಂ ಒಪ್ಪಿಕೊಳ್ಳಬೇಕು. ಬಾಟ್ ಮೌನವಾಗಿದೆ ಎಂದರೆ ಈ ಸರಪಳಿಯಲ್ಲಿ ಯಾವುದೋ ಒಂದು ಕೊಂಡಿ ಕಳಚಿದೆ ಎಂದಷ್ಟೇ ಅರ್ಥ. ಯಾವ ಕೊಂಡಿ ಎಂಬುದನ್ನು ಊಹಿಸಬಾರದು, ಪರೀಕ್ಷಿಸಿ ತಿಳಿಯಬೇಕು.

ಮೊದಲ ಪರೀಕ್ಷೆಗೆ ನಮ್ಮ ಪ್ರೋಗ್ರಾಂನ ಅಗತ್ಯವೇ ಇಲ್ಲ. ಬ್ರೌಸರ್‌ನಲ್ಲಿ ಟೆಲಿಗ್ರಾಂ ಬಾಟ್ ಎಪಿಐನ (ಪ್ರೋಗ್ರಾಂಗಳು ಟೆಲಿಗ್ರಾಂ ಜೊತೆ ವ್ಯವಹರಿಸುವ ದ್ವಾರದ) ವಿಳಾಸ https://api.telegram.org, ಓರೆಗೆರೆ, ಬಾಟ್ (bot) ಎಂಬ ಪದ, ಅದಕ್ಕೆ ಅಂಟಿಕೊಂಡಂತೆ ಟೋಕನ್, ಮತ್ತೊಂದು ಓರೆಗೆರೆ, ಕೊನೆಗೆ ಗೆಟ್‌ಮಿ (getMe) ಎಂದು ಬರೆದು ತೆರೆಯಬೇಕು. ಬಾಟ್‌ನ ಹೆಸರು ಬಂದರೆ ಟೋಕನ್ ಸರಿಯಾಗಿದೆ, ಅಂತರ್ಜಾಲ ಸಂಪರ್ಕವೂ ಇದೆ. 401 ಬಂದರೆ ಟೋಕನ್ ರದ್ದಾಗಿದೆ ಅಥವಾ ತಪ್ಪಾಗಿದೆ. 404 ಬಂದರೆ ಹೆಚ್ಚಾಗಿ ವಿಳಾಸದ ರೂಪವೇ ಕೆಟ್ಟಿರುತ್ತದೆ: ಟೋಕನ್‌ಗೆ ಮುಂಚೆ ಬಾಟ್ ಎಂಬ ಪದ ಬಿಟ್ಟುಹೋಗಿರುತ್ತದೆ, ಇಲ್ಲವೇ ನಕಲು ಮಾಡುವಾಗ ಟೋಕನ್‌ನ ತುದಿ ಕತ್ತರಿಸಿಹೋಗಿರುತ್ತದೆ. ಪುಟವೇ ತೆರೆಯದಿದ್ದರೆ ದೋಷವಿರುವುದು ಜಾಲದಲ್ಲಿ. ಆಗ ನಮ್ಮ ಕೋಡ್ ಓದುತ್ತಾ ಕೂರುವುದು ವ್ಯರ್ಥ. ಕಚೇರಿ ಅಥವಾ ಕಾಲೇಜಿನ ಜಾಲದಲ್ಲಿದ್ದರೆ ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಬದಲಾಯಿಸಿ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರೆ ಸಾಕು, ತಡೆ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಪ್ರಮಾಣಪತ್ರ ಪರಿಶೀಲನೆ ವಿಫಲವಾಯಿತು ಎಂಬ ಸಂದೇಶ ಬಂದರೆ ಮೊದಲು ಗಣಕದ ದಿನಾಂಕ ಮತ್ತು ಸಮಯವನ್ನು ನೋಡಿಕೊಳ್ಳಬೇಕು. ಪರಿಶೀಲನೆಯನ್ನೇ ಕೋಡ್‌ನಲ್ಲಿ ನಿಷ್ಕ್ರಿಯಗೊಳಿಸುವ ಸಲಹೆಯನ್ನು ಖಂಡಿತ ಪಾಲಿಸಬಾರದು, ಏಕೆಂದರೆ ಆ ಸಂಪರ್ಕದಲ್ಲಿಯೇ ಟೋಕನ್ ಸಾಗುತ್ತಿರುತ್ತದೆ.

ಎರಡನೆಯದಾಗಿ, ಅದೇ ವಿಳಾಸದ ತುದಿಯಲ್ಲಿ ಗೆಟ್‌ವೆಬ್‌ಹುಕ್‌ಇನ್ಫೋ (getWebhookInfo) ಎಂದು ಬರೆದು ತೆರೆಯಬೇಕು. ವೆಬ್‌ಹುಕ್‌ನ ವಿಳಾಸ ಖಾಲಿಯಿದೆಯೇ, ತಲುಪದೆ ಉಳಿದ ಸಂದೇಶಗಳು ಎಷ್ಟು, ಕೊನೆಯ ಬಾರಿ ತಲುಪಿಸುವಾಗ ಆದ ದೋಷ ಯಾವುದು ಎಂಬ ಮೂರೂ ವಿವರಗಳು ಅಲ್ಲಿ ಒಟ್ಟಿಗೆ ಸಿಗುತ್ತವೆ. ಉಳಿದ ಸಂದೇಶಗಳ ಸಂಖ್ಯೆ ಏರುತ್ತಲೇ ಇದ್ದರೆ ಸಂದೇಶ ಟೆಲಿಗ್ರಾಂವರೆಗೆ ಬಂದಿದೆ, ನಮ್ಮವರೆಗೆ ಬಂದಿಲ್ಲ. ಸೊನ್ನೆಯಾಗಿಯೇ ಇದ್ದು ಬಾಟ್ ಉತ್ತರಿಸದಿದ್ದರೆ ಯಾವುದೋ ಪ್ರೋಗ್ರಾಂ ಸಂದೇಶವನ್ನು ತೆಗೆದುಕೊಂಡಿದೆ. ಅದು ನಮ್ಮದೇ ಪ್ರೋಗ್ರಾಂ ಆಗಿರಬೇಕೆಂದೇನೂ ಇಲ್ಲ. ಈ ಒಂದು ಪರೀಕ್ಷೆ ದಾರಿಯನ್ನು ನಡುವೆ ಸೀಳಿ, ಹುಡುಕಬೇಕಾದ ಜಾಗವನ್ನು ಅರ್ಧಕ್ಕೆ ಇಳಿಸುತ್ತದೆ.

ಒಂದು ಟೋಕನ್, ಇಬ್ಬರು ಒಡೆಯರು

ಸ್ಥಳೀಯ ಅಭಿವೃದ್ಧಿಯಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೋಷ ಇದು. ಒಂದೇ ಟೋಕನ್ ಬಳಸಿ ಎರಡು ಪ್ರೋಗ್ರಾಂಗಳು ಪೋಲಿಂಗ್ ನಡೆಸಿದರೆ, ಹೊಸದಾಗಿ ಬಂದ ಕೋರಿಕೆ ಹಳೆಯದನ್ನು ಕಡಿದುಹಾಕುತ್ತದೆ ಮತ್ತು 409 ಸಂಖ್ಯೆಯ ಕಾನ್‌ಫ್ಲಿಕ್ಟ್ ದೋಷ ಬರುತ್ತದೆ. ಎರಡೂ ಪ್ರೋಗ್ರಾಂಗಳು ಮತ್ತೆ ಮತ್ತೆ ಪ್ರಯತ್ನಿಸುವುದರಿಂದ ಒಂದು ಸಂದೇಶ ಇದಕ್ಕೆ, ಮತ್ತೊಂದು ಅದಕ್ಕೆ ಸಿಗುತ್ತದೆ. ಲಾಗ್ ನೋಡದವರಿಗೆ ಹೊರಗಿನಿಂದ ಕಾಣುವ ಲಕ್ಷಣ ಬಹಳ ವಿಚಿತ್ರವಾಗಿರುತ್ತದೆ: ಬದಲಾಯಿಸಿದ ಉತ್ತರ ಒಮ್ಮೆ ಬರುತ್ತದೆ, ಮರುಕ್ಷಣವೇ ನಿನ್ನೆಯ ಹಳೆಯ ಉತ್ತರ ಬರುತ್ತದೆ.

ಆ ಎರಡನೆಯ ಪ್ರೋಗ್ರಾಂ ಎಲ್ಲಿದೆ ಎಂಬುದನ್ನು ಪತ್ತೆ ಮಾಡುವಾಗ ಮೊದಲು ನಮ್ಮ ಗಣಕವನ್ನೇ ಅನುಮಾನಿಸಬೇಕು. ಎಡಿಟರ್‌ನ ಬೇರೊಂದು ಟರ್ಮಿನಲ್‌ನಲ್ಲಿ ಅದು ಇನ್ನೂ ಓಡುತ್ತಿರಬಹುದು; ಸದಾ ಮರುಪ್ರಾರಂಭಿಸು ಎಂದು ಹೊಂದಿಸಿಟ್ಟ ಡಾಕರ್ ಕಂಟೇನರ್ (ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿ ಓಡಿಸುವ ಆವರಣ), ಗಣಕವನ್ನು ಆರಿಸಿ ಹೊತ್ತಿಸಿದ ಮೇಲೂ ತಾನಾಗಿ ಎದ್ದಿರಬಹುದು; ಫ್ಲಾಸ್ಕ್ ಎಂಬ ವೆಬ್ ಚೌಕಟ್ಟಿನ ಡೀಬಗ್ ವಿಧಾನದೊಳಗೆ ಬಾಟ್ ಆರಂಭಿಸಿದ್ದರೆ, ಕೋಡ್ ಬದಲಾದಾಗ ಮರುಲೋಡ್ ಮಾಡುವ ವ್ಯವಸ್ಥೆಯೇ ಅದೇ ಪ್ರೋಗ್ರಾಂ ಅನ್ನು ಎರಡು ಪ್ರಕ್ರಿಯೆಗಳಾಗಿ ಓಡಿಸುತ್ತಿರುತ್ತದೆ. ಇವೆಲ್ಲವನ್ನೂ ನಿಲ್ಲಿಸಿದ ಮೇಲೂ ಹಳೆಯ ಕೋರಿಕೆ ಮುಗಿಯುವವರೆಗೆ ಕೆಲವು ಸೆಕೆಂಡು 409 ಬರಬಹುದು, ಅದಕ್ಕೆ ಗಾಬರಿಯಾಗಬೇಕಿಲ್ಲ. ಬ್ರೌಸರ್‌ನಿಂದ ಕೈಯಾರೆ, ಪೋಲಿಂಗ್‌ನಲ್ಲಿ ಬಳಕೆಯಾಗುವ ಗೆಟ್‌ಅಪ್‌ಡೇಟ್ಸ್ (getUpdates) ಕರೆದು ನೋಡುವವರು ಮೊದಲು ಬಾಟ್ ನಿಲ್ಲಿಸಬೇಕು. ಇಲ್ಲದಿದ್ದರೆ ಪರೀಕ್ಷೆಯೇ ಹೊಸ ದೋಷವಾಗುತ್ತದೆ.

ಇದಕ್ಕಿಂತ ಗಂಭೀರವಾದ ರೂಪ ಇನ್ನೊಂದಿದೆ. ನಮ್ಮ ವಾಚನಾಲಯದ ಬಾಟ್ ಬಾಡಿಗೆ ಸರ್ವರ್‌ನಲ್ಲಿ ವೆಬ್‌ಹುಕ್ ಮೂಲಕ ವಾರಗಟ್ಟಲೆ ಚೆನ್ನಾಗಿ ನಡೆಯುತ್ತಿತ್ತು. ಒಂದು ಭಾನುವಾರ ಅದು ಪೂರ್ತಿ ಮೌನವಾಯಿತು. ಸರ್ವರ್‌ನ ಲಾಗ್‌ನಲ್ಲಿ ಒಂದೇ ಒಂದು ದೋಷವಿರಲಿಲ್ಲ, ಯಾವ ಕೋರಿಕೆಯೂ ಬಂದಿರಲಿಲ್ಲ. ಗೆಟ್‌ವೆಬ್‌ಹುಕ್‌ಇನ್ಫೋ ತೆರೆದು ನೋಡಿದಾಗ ವೆಬ್‌ಹುಕ್‌ನ ವಿಳಾಸವೇ ಖಾಲಿಯಾಗಿತ್ತು. ನಡೆದದ್ದು ಇಷ್ಟು: ನಾನು ಹೊಸ ಗುಂಡಿಯೊಂದನ್ನು ಪರೀಕ್ಷಿಸಲು ಅದೇ ಟೋಕನ್ ಹಾಕಿ, ಮನೆಯ ಲ್ಯಾಪ್‌ಟಾಪ್‌ನಲ್ಲಿ ಪೋಲಿಂಗ್ ಆರಂಭಿಸಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಮುಚ್ಚಿದ್ದೆ. ಈ ಪ್ಯಾಕೇಜ್ ಪೋಲಿಂಗ್ ಶುರುಮಾಡುವ ಮುನ್ನ ಹಳೆಯ ವೆಬ್‌ಹುಕ್ ಅನ್ನು ತಾನೇ ಅಳಿಸುತ್ತದೆ. ಎರಡೂ ಏಕಕಾಲದಲ್ಲಿ ಇರಲು ಟೆಲಿಗ್ರಾಂ ಬಿಡದಿರುವುದರಿಂದ ಅದರ ನಡೆ ಸರಿಯಾದದ್ದೇ. ಮುಚ್ಚಿದ ಮೇಲೆ ವೆಬ್‌ಹುಕ್ ಮರಳಿ ಬರುವುದಿಲ್ಲ ಎಂಬುದನ್ನು ನಾನು ಯೋಚಿಸಿರಲಿಲ್ಲ. ಸಂದೇಶಗಳನ್ನು ಟೆಲಿಗ್ರಾಂ 24 ಗಂಟೆಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಿಲ್ಲವಾದ್ದರಿಂದ, ಮಂಗಳವಾರ ದೋಷ ಪತ್ತೆಯಾಗುವ ಹೊತ್ತಿಗೆ ಭಾನುವಾರ ಪುಸ್ತಕ ಕೇಳಿದವರ ಸಂದೇಶಗಳು ಹೋಗಿಯೇಬಿಟ್ಟಿದ್ದವು. ಅವರಲ್ಲಿ ಕೆಲವರು ಮೊದಲ ಸಲ ನಮ್ಮ ಬಾಟ್ ಬಳಸಿದವರು ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಆದ್ದರಿಂದ ಈ ಬರಹದಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಬೇಕು: ಬಾಟ್‌ಫಾದರ್ (ಬಾಟ್‌ಗಳನ್ನು ನೋಂದಾಯಿಸಿ ಟೋಕನ್ ಕೊಡುವ ಟೆಲಿಗ್ರಾಂನದೇ ಬಾಟ್) ಬಳಿ ಅಭಿವೃದ್ಧಿಗೆಂದೇ ಎರಡನೆಯ ಬಾಟ್ ಮಾಡಿಸಿಕೊಂಡು, ಅದರ ಟೋಕನ್ ಅನ್ನು ಮಾತ್ರ ಸ್ವಂತ ಗಣಕದಲ್ಲಿ ಇಡಬೇಕು. ತಂಡದಲ್ಲಿ ಮೂವರಿದ್ದರೆ ಮೂರು ಬಾಟ್‌ಗಳು ಬೇಕು. ಇದಕ್ಕೆ ಹಣ ಖರ್ಚಾಗುವುದಿಲ್ಲ. ನಿಜವಾದ ಬಾಟ್‌ನ ಟೋಕನ್ ಸರ್ವರ್ ಬಿಟ್ಟು ಬೇರೆಲ್ಲೂ ಇರಕೂಡದು.

ಟೋಕನ್ ಬದಲಾಯಿಸಿದರೂ ಹಳೆಯದೇ ಓಡುವುದು

ಹೊಸ ಟೋಕನ್ ಅನ್ನು ಡಾಟ್ ಇಎನ್‌ವಿ (.env) ಎಂಬ ಸೆಟ್ಟಿಂಗ್ಸ್ ಕಡತದಲ್ಲಿ ಬರೆದ ಮೇಲೂ ಹಳೆಯ ಬಾಟ್‌ನ ಹೆಸರೇ ಬರುತ್ತಿದ್ದರೆ, ಆ ಕಡತವನ್ನು ಓದುವ ಪ್ಯಾಕೇಜಿನ ಒಂದು ನಿಯಮ ನೆನಪಿರಬೇಕು. ಅದೇ ಹೆಸರಿನ ಪರಿಸರ ಚರ (ಎನ್ವಿರಾನ್ಮೆಂಟ್ ವೇರಿಯಬಲ್) ವ್ಯವಸ್ಥೆಯಲ್ಲಿ ಮೊದಲೇ ಇದ್ದರೆ, ಕಡತದ ಮೌಲ್ಯ ಅದನ್ನು ತಿದ್ದುವುದಿಲ್ಲ. ಎಂದೋ ಒಮ್ಮೆ ಟರ್ಮಿನಲ್‌ನಲ್ಲಿ ಅಥವಾ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಹಾಕಿದ ಟೋಕನ್ ಹೀಗೆ ಮರೆಯಲ್ಲೇ ಉಳಿದಿರುತ್ತದೆ. ಓವರ್‌ರೈಡ್ ಆಯ್ಕೆಯನ್ನು ಕೊಡುವುದಕ್ಕಿಂತ ಹಳೆಯ ಚರವನ್ನೇ ಅಳಿಸುವುದು ಲೇಸು.

ಟೋಕನ್ ಸಿಗಲೇ ಇಲ್ಲ ಎಂದಾದರೆ ಕಡತದ ಹೆಸರನ್ನು ನೋಡಬೇಕು. ವಿಂಡೋಸ್ ವಿಸ್ತರಣೆಗಳನ್ನು ಅಡಗಿಸುವುದರಿಂದ, ನೋಟ್‌ಪ್ಯಾಡ್‌ನಲ್ಲಿ ಉಳಿಸಿದ ಕಡತದ ತುದಿಗೆ ಡಾಟ್ ಟಿಎಕ್ಸ್‌ಟಿ ಸೇರಿಕೊಂಡಿರುವುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಪವರ್‌ಶೆಲ್ 5.1ರಲ್ಲಿ ಬಾಣದ ಗುರುತಿನಿಂದ ಕಡತ ರಚಿಸಿದ್ದರೆ ಅದು ಯುಟಿಎಫ್-16 ಆಗಿರುತ್ತದೆ, ಯುಟಿಎಫ್-8 ಎಂದು ಓದಲು ಹೊರಟ ಪ್ಯಾಕೇಜಿಗೆ ಅದು ಅರ್ಥವಾಗುವುದಿಲ್ಲ.

ಪ್ಯಾಕೇಜ್ ಇದ್ದರೂ ಇಲ್ಲ ಎನ್ನುವುದು

ಸ್ಥಾಪನೆ ಯಶಸ್ವಿಯಾಯಿತು ಎಂದು, ಪ್ಯಾಕೇಜುಗಳನ್ನು ಸ್ಥಾಪಿಸುವ ಸಾಧನವಾದ ಪಿಪ್ ಹೇಳಿದರೂ ಟೆಲಿಗ್ರಾಂ ಎಂಬ ಮಾಡ್ಯೂಲ್ ಇಲ್ಲ ಎಂದು ಪೈಥಾನ್ ಹೇಳಿದರೆ, ಪಿಪ್ ಒಂದು ಪೈಥಾನ್‌ಗೂ ನಮ್ಮ ಪ್ರೋಗ್ರಾಂ ಇನ್ನೊಂದು ಪೈಥಾನ್‌ಗೂ ಸೇರಿವೆ ಎಂದರ್ಥ. ವರ್ಚುವಲ್ ಎನ್ವಿರಾನ್ಮೆಂಟ್ (ಈ ಕೆಲಸಕ್ಕೆಂದೇ ಬೇರೆಯಾಗಿಟ್ಟ ಪೈಥಾನ್ ಮತ್ತು ಪ್ಯಾಕೇಜುಗಳ ಜಾಗ) ಸಕ್ರಿಯಗೊಳಿಸಿದ ಮೇಲೆ, ಪಿಪ್ ಅನ್ನು ನೇರವಾಗಿ ಕರೆಯದೆ ಪೈಥಾನ್‌ನ ಎಂ ಆಯ್ಕೆಯ ಮೂಲಕ (python -m pip) ಕರೆದರೆ ಈ ಗೊಂದಲ ಇರುವುದಿಲ್ಲ. ಎಡಿಟರ್‌ನಲ್ಲಿಯೂ ಅದೇ ಎನ್ವಿರಾನ್ಮೆಂಟ್‌ನ ಪೈಥಾನ್ ಆಯ್ಕೆಯಾಗಿರಬೇಕು. ಪವರ್‌ಶೆಲ್ ಸಕ್ರಿಯಗೊಳಿಸುವ ಸ್ಕ್ರಿಪ್ಟ್ ಓಡಿಸಲು ನಿರಾಕರಿಸಿದರೆ, ಎಕ್ಸಿಕ್ಯೂಷನ್ ಪಾಲಿಸಿಯನ್ನು ನಮ್ಮ ಬಳಕೆದಾರ ಖಾತೆಗೆ ಮಾತ್ರ ರಿಮೋಟ್‌ಸೈನ್ಡ್ ಎಂದು ಬದಲಾಯಿಸಿದರೆ ಸಾಕು.

ಮಾಡ್ಯೂಲ್ ಸಿಕ್ಕಿ, ಅದರೊಳಗಿನ ಹೆಸರುಗಳು ಸಿಗದಿದ್ದರೆ ಕಾರಣ ಬೇರೆ. ನಮ್ಮದೇ ಕಡತಕ್ಕೆ ಟೆಲಿಗ್ರಾಂ ಎಂದು ಹೆಸರಿಟ್ಟಿದ್ದರೆ ಪೈಥಾನ್ ಪ್ಯಾಕೇಜಿನ ಬದಲು ಅದನ್ನೇ ಎತ್ತಿಕೊಳ್ಳುತ್ತದೆ. ಪಿಪ್‌ಗೆ ಕೇವಲ ಟೆಲಿಗ್ರಾಂ ಎಂದು ಹೇಳಿದ್ದರೆ ಬೇರೆಯದೇ ಪ್ಯಾಕೇಜ್ ಬಂದು ಕೂತಿರುತ್ತದೆ. ಹಳೆಯ ಪಾಠಗಳಿಂದ ನಕಲು ಮಾಡಿದ ಕೋಡ್ ಕೂಡ ಇಲ್ಲಿಯೇ ಮುಗ್ಗರಿಸುತ್ತದೆ: 20ನೇ ಆವೃತ್ತಿಯಿಂದ ಈ ಪ್ಯಾಕೇಜ್ ಸಂಪೂರ್ಣವಾಗಿ ಅಸಿಂಕ್ (ಒಂದು ಕೆಲಸ ಕಾಯುವಾಗ ಇನ್ನೊಂದನ್ನು ನಡೆಸುವ ಕ್ರಮ) ಆಗಿದ್ದು, ಡಿಸ್ಪ್ಯಾಚರ್ ಹೋಗಿ ಅಪ್ಲಿಕೇಶನ್ ಬಂದಿದೆ. ಕೊರೊಟೀನ್ ಅನ್ನು ಅವೇಟ್ ಮಾಡಲೇ ಇಲ್ಲ ಎಂಬ ಎಚ್ಚರಿಕೆ ಕಂಡರೆ, ಉತ್ತರ ಕಳಿಸುವ ಸಾಲಿನ ಮುಂದೆ ಅವೇಟ್ ಬಿಟ್ಟುಹೋಗಿದೆ. ಸಂದೇಶ ಸಿದ್ಧವಾಗಿದೆ, ಕಳಿಸಿಲ್ಲ.

ಕನ್ನಡ ಬಂದೊಡನೆ ಕೆಡುವ ಬಾಟ್

ಇಂಗ್ಲಿಷ್ ಪರೀಕ್ಷಾ ಪಠ್ಯದಲ್ಲಿ ಸರಿಯಾಗಿ ನಡೆದ ಬಾಟ್, ಕನ್ನಡ ಮಾಹಿತಿ ಹಾಕಿದೊಡನೆ ಬೀಳುವ ಸಂದರ್ಭಗಳನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಇಂಗ್ಲಿಷ್‌ನಲ್ಲಿ ಬರೆದ ಕೈಪಿಡಿಗಳು ಈ ಕಡೆ ಅಷ್ಟಾಗಿ ನೋಡುವುದಿಲ್ಲ.

ಇಂಗ್ಲಿಷ್ ವಿಂಡೋಸ್‌ನಲ್ಲಿ ಎನ್‌ಕೋಡಿಂಗ್ ಹೇಳದೆ ಕಡತ ತೆರೆದರೆ ಪೈಥಾನ್ ಸಾಮಾನ್ಯವಾಗಿ ಅದನ್ನು ಕನ್ನಡ ಅಕ್ಷರಗಳಿಲ್ಲದ ಸಿಪಿ-1252 ಎಂಬ ಎನ್‌ಕೋಡಿಂಗ್ ಎಂದು ಓದುತ್ತದೆ. ನಮ್ಮ ಪುಸ್ತಕಪಟ್ಟಿಯಲ್ಲಿ ಕೆಲವು ಸಾಲುಗಳು ಅರ್ಥವಿಲ್ಲದ ಗುರುತುಗಳಾಗಿ ಬಂದವು, ಮತ್ತೆ ಕೆಲವು ಪಟ್ಟಿಗಳು ಓದುವಾಗಲೇ ಚಾರ್‌ಮ್ಯಾಪ್ ದೋಷ ಕೊಟ್ಟು ನಿಂತವು. ಎರಡು ಬೇರೆ ದೋಷಗಳೆಂದು ತಿಳಿದು ಬಹಳ ಹೊತ್ತು ಹುಡುಕಿದೆವು; ಮೂಲ ಒಂದೇ ಆಗಿತ್ತು. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ (ಯೂನಿಕೋಡ್‌ನಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ವಿರಾಮ ಚಿಹ್ನೆ ಒಂದೊಂದೂ ಒಂದು ಸಂಕೇತ) ಮೂರು ಬೈಟ್ ಬೇಕು. ಉಕಾರದ ಚಿಹ್ನೆಯ ಕೊನೆಯ ಬೈಟ್ ಹೆಕ್ಸ್‌ನಲ್ಲಿ 81, ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆಯ ಕೊನೆಯ ಬೈಟ್ 8ಡಿ. ಇವೆರಡಕ್ಕೂ ಸಿಪಿ-1252ರಲ್ಲಿ ಅಕ್ಷರವೇ ಇಲ್ಲ. ಹೀಗಾಗಿ ‘ಕಥೆ’ ಎಂಬ ಪದ ಸದ್ದಿಲ್ಲದೆ ಕೆಟ್ಟ ರೂಪ ತಾಳಿ ಒಳಬರುತ್ತದೆ, ‘ಸಾಹಿತ್ಯ’ ಎಂಬ ಪದ ಪ್ರೋಗ್ರಾಂ ಅನ್ನೇ ನಿಲ್ಲಿಸುತ್ತದೆ. ಕಡತ ತೆರೆಯುವ ಪ್ರತಿಯೊಂದು ಕಡೆಯೂ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳುವುದೇ ನಿಜವಾದ ಪರಿಹಾರ. ಪೈಥಾನ್‌ಯುಟಿಎಫ್8 (PYTHONUTF8) ಎಂಬ ಪರಿಸರ ಚರಕ್ಕೆ 1 ಕೊಟ್ಟರೂ ಕೆಲಸವಾಗುತ್ತದೆ, ಆದರೆ ಆ ಚರ ಇಲ್ಲದ ಸಹೋದ್ಯೋಗಿಯ ಗಣಕದಲ್ಲಿ ದೋಷ ಮತ್ತೆ ತಲೆಯೆತ್ತುತ್ತದೆ.

ಎರಡನೆಯದು ಗುಂಡಿಗಳಿಗೆ ಸಂಬಂಧಿಸಿದ್ದು. ಸಂದೇಶದ ಕೆಳಗೆ ಬರುವ ಗುಂಡಿಯ ಜೊತೆ ಕಳಿಸುವ ಕಾಲ್‌ಬ್ಯಾಕ್ ಡೇಟಾ 64 ಬೈಟ್ ಮೀರುವಂತಿಲ್ಲ. ಇಲ್ಲಿ ಎಣಿಸುವುದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು. ಹಾಗಾಗಿ ಕನ್ನಡಕ್ಕೆ ಸಿಗುವುದು ಹೆಚ್ಚೆಂದರೆ 21 ಸಂಕೇತಗಳು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿದ್ದು, ಅದೊಂದೇ 18 ಬೈಟ್ ಹಿಡಿಯುತ್ತದೆ. ‘ಮಕ್ಕಳ ಸಾಹಿತ್ಯ’ ಎಂಬ ವಿಭಾಗದ ಗುಂಡಿ 37 ಬೈಟ್‌ಗಳಲ್ಲಿ ಪಾರಾಯಿತು. ‘ಮಕ್ಕಳ ಸಾಹಿತ್ಯ ಮತ್ತು ಜಾನಪದ ಕಥೆಗಳು’ ಎಂದು ಹೆಸರು ಬದಲಾಯಿಸಿದ ದಿನ ಅದು 88 ಬೈಟ್ ಆಗಿ, ಗುಂಡಿಯ ದತ್ತಾಂಶ ಅಮಾನ್ಯ ಎಂಬ ದೋಷದೊಂದಿಗೆ ಇಡೀ ಸಂದೇಶವನ್ನೇ ಟೆಲಿಗ್ರಾಂ ತಿರಸ್ಕರಿಸಿತು. ಗುಂಡಿಯ ಮೇಲೆ ಕಾಣುವ ಬರಹ ಕನ್ನಡದಲ್ಲಿರಲಿ. ಹಿಂದೆ ಕಳಿಸುವ ದತ್ತಾಂಶ ವಿಭಾಗದ ಕ್ರಮಸಂಖ್ಯೆಯಾಗಿರಲಿ.

ಮೂರನೆಯ ತೊಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಬಳಕೆದಾರರು ಟೈಪಿಸಿದ ಪದ ಮತ್ತು ನಮ್ಮ ಪಟ್ಟಿಯ ಪದ ಪರದೆಯ ಮೇಲೆ ಒಂದೇ ಆಗಿ ಕಂಡರೂ ಹೋಲಿಕೆ ವಿಫಲವಾಗುತ್ತದೆ. ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು ಮತ್ತು ದೀರ್ಘ ಎಂಬ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಎರಡೂ ಕಡೆಯ ಪಠ್ಯವನ್ನು ಹೋಲಿಸುವ ಮುನ್ನ ಎನ್‌ಎಫ್‌ಸಿ (NFC) ಎಂಬ ಯೂನಿಕೋಡ್‌ನ ಏಕರೂಪಕ್ಕೆ ತಂದರೆ ಈ ಭೇದ ಅಳಿಯುತ್ತದೆ. ‘ಸಾಫ್ಟ್‌ವೇರ್’ ಎಂಬಂಥ ಪದಗಳ ನಡುವೆ ಒತ್ತು ಬೀಳದಂತೆ ಹಾಕುವ ಅದೃಶ್ಯ ಸಂಕೇತ ಮಾತ್ರ ಅದರಿಂದ ಹೋಗುವುದಿಲ್ಲ. ಕೆಲವರ ಕೀಲಿಮಣೆ ಅದನ್ನು ಹಾಕುತ್ತದೆ, ಕೆಲವರದು ಹಾಕುವುದಿಲ್ಲ. ಹುಡುಕಾಟಕ್ಕೆಂದು ಇಟ್ಟುಕೊಂಡ ಪ್ರತಿಯಲ್ಲಿ ಮಾತ್ರ ಅದನ್ನು ತೆಗೆದುಹಾಕಬೇಕು. ತೋರಿಸುವ ಪಠ್ಯದಿಂದ ತೆಗೆದರೆ ಪದ ‘ಸಾಫ್ಟ್ವೇರ್’ ಎಂದು ಬದಲಾಗಿ ಓದುವವರಿಗೆ ಕಿರಿಕಿರಿಯಾಗುತ್ತದೆ. ಇಂಥ ಅನುಮಾನ ಬಂದಾಗ ಎರಡೂ ಪದಗಳ ಸಂಕೇತಸಂಖ್ಯೆಗಳನ್ನು ಲಾಗ್‌ನಲ್ಲಿ ಮುದ್ರಿಸಿ ನೋಡಬೇಕು, ಕಣ್ಣನ್ನು ನಂಬಬಾರದು.

ಓರೆಗೆರೆಯ ಆದೇಶಗಳನ್ನು ಕನ್ನಡದಲ್ಲಿ ಇಡಲು ಟೆಲಿಗ್ರಾಂ ಬಿಡುವುದಿಲ್ಲ. ರೋಮನ್ ಅಕ್ಷರ, ಅಂಕಿ ಮತ್ತು ಅಡಿಗೆರೆ ಮಾತ್ರ ಸಲ್ಲುತ್ತವೆ. ‘ಹುಡುಕು’ ಎಂಬ ಆದೇಶ ಬೇಕಿದ್ದರೆ ಅದನ್ನು ಸಾಮಾನ್ಯ ಪಠ್ಯವಾಗಿ ಹಿಡಿಯುವ ಹ್ಯಾಂಡ್ಲರ್ ಬರೆಯಬೇಕು.

ಗುಂಪಿನಲ್ಲಿ ಮಾತ್ರ ಮೌನ

ಹಾಗೆ ಪಠ್ಯವಾಗಿ ಬರೆದ ಆದೇಶ ಖಾಸಗಿ ಸಂಭಾಷಣೆಯಲ್ಲಿ ನಡೆದು, ಗುಂಪಿನಲ್ಲಿ ನಡೆಯದಿದ್ದರೆ ಪ್ರೈವಸಿ ಮೋಡ್ ಕಾರಣ. ಅದು ಆರಂಭದಿಂದಲೇ ಚಾಲ್ತಿಯಲ್ಲಿದ್ದು, ಗುಂಪಿನ ಸಾಮಾನ್ಯ ಮಾತುಗಳು ಬಾಟ್‌ಗೆ ತಲುಪುವುದೇ ಇಲ್ಲ. ಬಾಟ್‌ಫಾದರ್ ಮೂಲಕ ಅದನ್ನು ತೆಗೆದ ಮೇಲೆ ಬಾಟ್ ಅನ್ನು ಗುಂಪಿನಿಂದ ಹೊರಗೆ ಹಾಕಿ ಮತ್ತೆ ಸೇರಿಸಬೇಕು, ಈ ಕೊನೆಯ ಹೆಜ್ಜೆಯನ್ನು ಮರೆಯುವವರೇ ಹೆಚ್ಚು.

ಸಂದೇಶ ಪ್ರೋಗ್ರಾಂ ತಲುಪಿದೆ, ಆದರೂ ಬೇಕಾದ ಹ್ಯಾಂಡ್ಲರ್ ಓಡುತ್ತಿಲ್ಲ ಎಂದಾದರೆ ಅವುಗಳನ್ನು ಸೇರಿಸಿದ ಕ್ರಮ ನೋಡಬೇಕು. ಕೋಡ್‌ನಲ್ಲಿ ಒಂದೇ ಗುಂಪಿಗೆ (ಇದು ಟೆಲಿಗ್ರಾಂನ ಗುಂಪಲ್ಲ) ಸೇರಿಸಿದ ಹ್ಯಾಂಡ್ಲರ್‌ಗಳಲ್ಲಿ ಮೊದಲು ಹೊಂದಿಕೆಯಾದದ್ದು ಮಾತ್ರ ಓಡುವುದರಿಂದ, ಎಲ್ಲವನ್ನೂ ಹಿಡಿಯುವ ಹ್ಯಾಂಡ್ಲರ್ ಮೇಲಿದ್ದರೆ ಕೆಳಗಿನವು ಎಂದೂ ಏಳುವುದಿಲ್ಲ. ಬಾಟ್ ಒಬ್ಬರಿಗೆ ಉತ್ತರಿಸುವಾಗ ಉಳಿದವರೆಲ್ಲ ಕಾಯುವಂತಾದರೆ, ಅಸಿಂಕ್ ಕಾರ್ಯದೊಳಗೆ ಸಾಮಾನ್ಯ ಸ್ಲೀಪ್ ಅಥವಾ ನಿಧಾನವಾದ ಜಾಲ ಕರೆಯೊಂದು ಇಡೀ ಲೂಪ್ ಅನ್ನು ತಡೆದಿರುತ್ತದೆ.

ವೆಬ್‌ಹುಕ್ ಅನ್ನು ಮನೆಯಲ್ಲಿ ಪರೀಕ್ಷಿಸುವುದಾದರೆ

ಸ್ಥಳೀಯ ಕೆಲಸಕ್ಕೆ ಪೋಲಿಂಗ್ ಸಾಕು ಎಂಬುದು ನನ್ನ ದೃಢ ಅಭಿಪ್ರಾಯ. ವೆಬ್‌ಹುಕ್‌ನ ಕೋಡ್ ಅನ್ನೇ ಪರೀಕ್ಷಿಸಬೇಕಾದಾಗ ಮಾತ್ರ ಎನ್‌ಗ್ರಾಕ್ ಅಥವಾ ಕ್ಲೌಡ್‌ಫ್ಲೇರ್ ಟನೆಲ್‌ನಂಥ ಸಾಧನ ಬಳಸಿ, ಗಣಕವನ್ನು ತಾತ್ಕಾಲಿಕವಾಗಿ ಹೊರಜಗತ್ತಿಗೆ ತೆರೆಯಬೇಕು. ಟೆಲಿಗ್ರಾಂಗೆ ಎಚ್‌ಟಿಟಿಪಿಎಸ್ ವಿಳಾಸವೇ ಬೇಕು, ಪೋರ್ಟ್ 443, 80, 88 ಅಥವಾ 8443 ಆಗಿರಬೇಕು. ಟನೆಲ್ ಮರುಪ್ರಾರಂಭವಾದಾಗ ವಿಳಾಸ ಬದಲಾಗುವಂತಿದ್ದರೆ ಸೆಟ್‌ವೆಬ್‌ಹುಕ್ ಮತ್ತೆ ಕರೆಯಬೇಕು. ಕೊನೆಯ ದೋಷ 502 ಎಂದಿದ್ದರೆ ಟನೆಲ್ ಸರಿಯಿದೆ, ಅದರ ಹಿಂದಿನ ನಮ್ಮ ಸರ್ವರ್ ಓಡುತ್ತಿಲ್ಲ ಅಥವಾ ಬೇರೆ ಪೋರ್ಟ್‌ನಲ್ಲಿದೆ. ಡಾಕರ್‌ನೊಳಗಿನ ಸರ್ವರ್ 127.0.0.1ಕ್ಕೆ ಕಿವಿಗೊಟ್ಟಿದ್ದರೆ ಕಂಟೇನರ್‌ನ ಹೊರಗಿನವರಿಗೆ ಅದು ಸಿಗುವುದಿಲ್ಲ, 0.0.0.0 ಎಂದಿರಬೇಕು. ಸಂದೇಶಗಳು ಬರುತ್ತಿದ್ದು ಗುಂಡಿ ಒತ್ತಿದ ಸುದ್ದಿ ಮಾತ್ರ ಬಾರದಿದ್ದರೆ, ಯಾವ ಬಗೆಯ ಸುದ್ದಿ ಬೇಕೆಂದು ಹಿಂದೊಮ್ಮೆ ಕೊಟ್ಟ ಅಲೌಡ್ ಅಪ್‌ಡೇಟ್ಸ್ ಪಟ್ಟಿ ಉಳಿದುಕೊಂಡಿರುತ್ತದೆ. ಹೊಸ ಕರೆಯಲ್ಲಿ ಅದನ್ನು ನಮೂದಿಸದಿದ್ದರೆ ಟೆಲಿಗ್ರಾಂ ಹಳೆಯದನ್ನೇ ಮುಂದುವರಿಸುತ್ತದೆ.

ಲಾಗ್ ಅನ್ನು ಬೇರೆಯವರಿಗೆ ತೋರಿಸುವ ಮುನ್ನ

ಇಷ್ಟೆಲ್ಲ ನೋಡಿಯೂ ದೋಷ ಸಿಗದೆ ಇನ್ನೊಬ್ಬರ ನೆರವು ಕೇಳುವಾಗ, ಪೈಥಾನ್ ಮತ್ತು ಪ್ಯಾಕೇಜಿನ ಆವೃತ್ತಿ, ಗೆಟ್‌ವೆಬ್‌ಹುಕ್‌ಇನ್ಫೋದ ಫಲಿತಾಂಶ ಹಾಗೂ ದೋಷಸಂದೇಶದ ಪೂರ್ಣ ಪಠ್ಯವನ್ನು ಕೊಡಬೇಕು. ಲಾಗ್ ಮಟ್ಟ ಇನ್ಫೋ ಆಗಿದ್ದರೆ, ಒಳಗೆ ಬಳಕೆಯಾಗುವ ಎಚ್‌ಟಿಟಿಪಿಎಕ್ಸ್ ಎಂಬ ಪ್ಯಾಕೇಜ್ ಪ್ರತಿ ಕೋರಿಕೆಯ ಪೂರ್ಣ ವಿಳಾಸವನ್ನು ಬರೆಯುತ್ತದೆ, ಆ ವಿಳಾಸದಲ್ಲಿ ಟೋಕನ್ ಇರುತ್ತದೆ. ಅದರ ಮಟ್ಟವನ್ನು ವಾರ್ನಿಂಗ್‌ಗೆ ಏರಿಸಿಟ್ಟು, ಹಳೆಯ ಲಾಗ್‌ನಿಂದ ಟೋಕನ್ ಅಳಿಸಿದ ಮೇಲೆಯೇ ಹಂಚಿಕೊಳ್ಳಬೇಕು. ಒಮ್ಮೆ ಹೊರಗೆ ಹೋಗಿಬಿಟ್ಟಿದ್ದರೆ ಆ ಲಾಗ್ ಅಳಿಸಿದರೆ ಸಾಲದು. ಬಾಟ್‌ಫಾದರ್ ಬಳಿ ಟೋಕನ್ ರದ್ದುಪಡಿಸಿ ಹೊಸದನ್ನು ಪಡೆಯಬೇಕು, ಮತ್ತು ಹಳೆಯದು ಇದ್ದ ಎಲ್ಲ ಗಣಕಗಳಲ್ಲೂ ಅಂದೇ ಬದಲಾಯಿಸಬೇಕು.